ಅವ್ವ ತವರಿಗೆ ಹೋದ ಪಂಚಮಿ

ಹೋದ ಮಳೆಗಾಲದಲ್ಲಿ ಒಂದು ದಿನ ಬಾಗಲಕೋಟೆಯಿಂದ ಹುನಗುಂದಕ್ಕೆ ಹೊರಟಿದ್ದೆ. ಅಮೀನಗಡ ದಾಟಿದ ಮೇಲೆ ಮಳೆ ಜೋರಾಯಿತು. ದಾರಿಯಲ್ಲಿ ಕೈ ಮಾಡಿ ಬಸ್ಸು ನಿಲ್ಲಿಸಿ, ಕುರಿ ಕಾಯುವ ಮುದುಕನೊಬ್ಬ ಹತ್ತಿ ಬಂದ. ತಲೆಯ ಮೇಲೆ ಹೊದ್ದ ಕಂಬಳಿಯನ್ನು ತೆಗೆದು, ಕೊಡವಿ, ಮಡಚಿ ತೊಡೆಯ ಮೇಲಿಟ್ಟುಕೊಂಡು ನನ್ನ ಮುಂದಿನ ಸೀಟಿನಲ್ಲಿ ಕೂತ. ತೊಯ್ದ ಉಣ್ಣೆ, ಒಲೆಯ ಹೊಗೆ, ಕುರಿಯ ಮೈ ಎಲ್ಲ ಕೂಡಿದ ವಾಸನೆ ಬಸ್ಸಿನ ತುಂಬ ಹರಡಿತು. ನನ್ನ ಪಕ್ಕದ ಹುಡುಗಿ ಮೂಗಿಗೆ ಕರವಸ್ತ್ರ ಹಿಡಿದಳು. ನಾನು ಮಾತ್ರ ಸ್ವಲ್ಪ ಮುಂದಕ್ಕೆ ಬಾಗಿ ಕೂತೆ. ಕಣ್ಣಲ್ಲಿ ನೀರು ಬಂದದ್ದು ನನಗೇ ತಿಳಿಯಲಿಲ್ಲ. ಹುಡುಗಿ ನೋಡಿ, "ವಾಸನಿ ತಡಿಯಾಕ ಆಗವಲ್ದೇನ್ರಿ ಅಮ್ಮಾರ? ಕಿಡಕಿ ತಗೀಲೇನು?" ಅಂದಳು. ಬೇಡವೆಂದು ಕೈ ಮಾಡಿದೆ. ಅವಳಿಗೆ ಏನಂತ ಹೇಳಲಿ? ನನಗೆ ಆ ವಾಸನೆಯೆಂದರೆ ಒಂದು ಶ್ರಾವಣ, ಅವ್ವನ ಕೊನೆಯ ಶ್ರಾವಣ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಾಗ ಹುನಗುಂದದಲ್ಲಿದ್ದೆವು. ನಮ್ಮಪ್ಪ ಸಾಮುವೇಲ ಮಾಸ್ತರ ಅಲ್ಲಿಯ ಕನ್ನಡ ಸಾಲೆಯಲ್ಲಿ ಕಲಿಸುತ್ತಿದ್ದ. ಊರಲ್ಲಿ ಬೆರಳೆಣಿಕೆಯಷ್ಟು ಕ್ರೈಸ್ತರ ಮನೆಗಳು, ಹಂಚಿನ ಮಾಡಿನ ಒಂದು ಸಣ್ಣ ಚರ್ಚು. ಪಾದ್ರಿಯವರು ತಿಂಗಳಿಗೊಮ್ಮೆ ಬಾಗಲಕೋಟೆಯಿಂದ ಬರುತ್ತಿದ್ದರು. ಉಳಿದ ಭಾನುವಾರ ಆರಾಧನೆ ನಡೆಸುವವನು ಅಪ್ಪನೇ. ಅವನ ಮನೆತನ ಅಜ್ಜನ ಕಾಲದಿಂದ ಕ್ರೈಸ್ತರು. ಗಟ್ಟಿಯಾಗಿ ಮಾತಾಡುವವನಲ್ಲ, ಯಾರನ್ನೂ ನೋಯಿಸುವವನಲ್ಲ. ಆದರೆ ತನ್ನ ನಂಬಿಕೆಯ ವಿಷಯದಲ್ಲಿ ಕಲ್ಲು.

ಅವ್ವ ಬೇರೆ ಕಡೆಯಿಂದ ಬಂದವಳು. ಗುಡೂರಿನ ಕುರುಬರ ಮನೆಯ ಮಗಳು. ಅವಳ ಅಪ್ಪ, ಅಂದರೆ ನಮ್ಮ ಮುತ್ಯಾ, ಬೀರಪ್ಪನ ಪೂಜಾರಿ. ಮಗಳು ಹುಟ್ಟಿದಾಗ ದೇವರ ಹೆಸರನ್ನೇ ಇಟ್ಟು ಬೀರವ್ವ ಎಂದು ಕರೆದಿದ್ದ. ಅವಳು ಹುಡುಗಿಯಾಗಿದ್ದಾಗ ವಿಷಮಜ್ವರ ಬಂದು ಬದುಕುವ ಆಸೆ ಉಳಿಯದೆ ಹೋದಾಗ, ಅವಳನ್ನು ಬಂಡಿಯಲ್ಲಿ ಹಾಕಿಕೊಂಡು ಮಿಶನ್ ದವಾಖಾನೆಗೆ ಒಯ್ದವನೂ ಅವನೇ. ಅಲ್ಲಿ ಅವಳು ತಿಂಗಳುಗಟ್ಟಲೆ ಇದ್ದಳು. ಮಂಚದ ಹತ್ತಿರ ಕೂತು ಒಬ್ಬ ನರ್ಸಮ್ಮ ಅಕ್ಷರ ಕಲಿಸಿದಳಂತೆ, ಸತ್ಯವೇದ ಓದಿ ಹೇಳಿದಳಂತೆ. ಜ್ವರ ಬಿಟ್ಟು ಊರಿಗೆ ಮರಳಿದ ಹುಡುಗಿ ಮೊದಲಿನ ಹುಡುಗಿಯಾಗಿರಲಿಲ್ಲ. ಸೋದರಮಾವನ ಮಗನ ಜೊತೆ ಲಗ್ನ ಗೊತ್ತುಮಾಡಿದಾಗ ಒಲ್ಲೆ ಅಂದಳು. ಒತ್ತಾಯ ಹೆಚ್ಚಾದಾಗ ಆ ನರ್ಸಮ್ಮನ ಹತ್ತಿರ ಹೋಗಿ ನಿಂತಳು. ಮುಂದೆ ದೀಕ್ಷಾಸ್ನಾನ ತೆಗೆದುಕೊಂಡು ಶಾಂತಮ್ಮ ಆದಳು, ಅಪ್ಪನನ್ನು ಮದುವೆಯಾದಳು. ಸುದ್ದಿ ತಿಳಿದ ದಿನ ಮುತ್ಯಾ ಗುಡಿಯ ಮುಂದೆ ನಿಂತು, ತನಗೊಬ್ಬಳು ಮಗಳಿದ್ದಳು, ಸತ್ತಳು ಎಂದು ಊರಿಗೆಲ್ಲ ಕೇಳುವಂತೆ ಹೇಳಿದನಂತೆ. ಅವಳ ಹೆಸರಲ್ಲಿ ಎಳ್ಳುನೀರು ಬಿಟ್ಟನಂತೆ.

ಹುನಗುಂದದಿಂದ ಗುಡೂರು ಎಷ್ಟು ದೂರ? ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆದರೂ ನನಗೆ ಹತ್ತೊಂಬತ್ತು ತುಂಬುವವರೆಗೆ ಅವ್ವ ಆ ದಾರಿ ತುಳಿದಿರಲಿಲ್ಲ. ಅವಳ ಅವ್ವ ತೀರಿಕೊಂಡಾಗ ಸುದ್ದಿ ಬಂದದ್ದು ಮಣ್ಣು ಮಾಡಿ ಆದ ಮೇಲೆ, ಅದೂ ಸಂತೆಗೆ ಬಂದ ಯಾರದೋ ಬಾಯಿಂದ. ಅವತ್ತು ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಕೇಳಿದವಳು ಉಳಿದ ಹಿಟ್ಟಿನಲ್ಲೂ ರೊಟ್ಟಿ ಬಡಿದು ಮುಗಿಸಿ, ಆಮೇಲೆ ಹಿತ್ತಲಿಗೆ ಹೋಗಿ ಕೂತಳು.

ನಾಗರ ಪಂಚಮಿ ಬಂದರೆ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಕರೆಯಲು ಅಣ್ಣತಮ್ಮಂದಿರು ಬರುತ್ತಿದ್ದರು. ಬೇವಿನ ಗಿಡಗಳಿಗೆ ಜೋಕಾಲಿ ಬೀಳುತ್ತಿದ್ದವು. ನಮ್ಮ ಮನೆಯಲ್ಲಿ ಆ ಹಬ್ಬ ಇರಲಿಲ್ಲ. ಹಾವಿಗೆ ಹಾಲೆರೆಯುವ ಹಬ್ಬದ ತಿಂಡಿ ಕೂಡ ಮನೆಯಲ್ಲಿ ಆಗಬಾರದೆಂದು ಅಪ್ಪ ಹೇಳಿದ್ದ. ಅವ್ವ ಎದುರು ಮಾತಾಡಿರಲಿಲ್ಲ. ಆದರೆ ಹಬ್ಬ ಕಳೆದು ಎಂಟು ಹತ್ತು ದಿನಕ್ಕೆ, ಏನೂ ನೆಪವಿಲ್ಲದೆ, ಎಳ್ಳುಂಡಿ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಅಪ್ಪ ತಿನ್ನುತ್ತಿದ್ದ. ಅವನಿಗೆ ಗೊತ್ತಿತ್ತು, ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು.

ಆ ವರ್ಷ ನಾನು ಬಾಗಲಕೋಟೆಯಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದ್ದೆ. ದೀಪಾವಳಿ ರಜೆಗೆ ಮನೆಗೆ ಬಂದಾಗ ಅವ್ವ ಕೊಡ ಎತ್ತುವಾಗ ಎಡಗೈ ಬಳಸದೆ ಇರುವುದನ್ನು ಕಂಡೆ. ಕೇಳಿದರೆ ಉಳುಕಿದೆ ಅಂದಳು. ಎದೆಯಲ್ಲಿ ಗಂಟಾಗಿತ್ತು. ಅದನ್ನು ಯಾರಿಗೂ ತೋರಿಸದೆ ಎಷ್ಟು ಕಾಲ ಇಟ್ಟುಕೊಂಡಿದ್ದಳೋ. ಬಾಗಲಕೋಟೆಯ ಡಾಕ್ಟರು ನೋಡಿ ಹುಬ್ಬಳ್ಳಿಗೆ ಬರೆದುಕೊಟ್ಟರು. ಹುಬ್ಬಳ್ಳಿಯಲ್ಲಿ ಕೊಯ್ದರು, ಕರೆಂಟು ಕೊಟ್ಟು ಸುಟ್ಟರು. ಕೊನೆಗೆ ಅಪ್ಪನನ್ನು ಹೊರಗೆ ಕರೆದು, ಮನೆಗೆ ಒಯ್ಯಿರಿ ಅಂದರು. ನಾನು ತರಬೇತಿ ಬಿಟ್ಟು ಅವ್ವನ ಹತ್ತಿರ ಉಳಿದೆ.

ಅಪ್ಪ ಆ ಮಾತನ್ನು ಒಪ್ಪಲಿಲ್ಲ. ಡಾಕ್ಟರರ ಕೈ ಸೋತರೆ ದೇವರ ಕೈ ಸೋಲುತ್ತದೆಯೇ ಅಂದ. ಪ್ರತಿ ಶುಕ್ರವಾರ ಚರ್ಚಿನ ಸಭೆಯವರು ಉಪವಾಸ ಹಿಡಿದು ನಮ್ಮ ಅಂಗಳದಲ್ಲಿ ಕೂಡುತ್ತಿದ್ದರು. ಅಪ್ಪ ನಡುವೆ ಮೊಣಕಾಲೂರಿ, ಮುಂದಿನ ಕ್ರಿಸ್ಮಸ್ಸಿಗೆ ಶಾಂತಾ ಚರ್ಚಿನಲ್ಲಿ ನಿಂತು ಹಾಡುತ್ತಾಳೆಂದು ಸಾಕ್ಷಿ ಹೇಳುತ್ತಿದ್ದ. ಜನ ಆಮೆನ್ ಅನ್ನುತ್ತಿದ್ದರು. ಅವ್ವ ಒಳಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಮನೆಗೆ ಯಾರಾದರೂ ಬಂದು ಕಣ್ಣೀರು ಹಾಕಿದರೆ ಅಪ್ಪ ಅವರನ್ನು ಮೆತ್ತಗೆ ಹೊರಗೆ ಕರೆದೊಯ್ಯುತ್ತಿದ್ದ. ನಮ್ಮ ಮನೆಯಲ್ಲಿ ಸಾವು ಎನ್ನುವ ಮಾತಿಗೆ ಜಾಗವಿರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ, ಅಪ್ಪ ಸಾಲೆಗೆ ಹೋದ ಹೊತ್ತಿನಲ್ಲಿ, ಅವ್ವ ನನ್ನನ್ನು ಹತ್ತಿರ ಕರೆದಳು.

"ಎಸ್ತವ್ವ, ನಿಮ್ಮಪ್ಪ ನನಗ ಸಾಯಾಕೂ ಬಿಡವಲ್ಲರು."

ನಾನು ಅಳತೊಡಗಿದೆ. ಅವಳು ಅಳಲಿಲ್ಲ.

"ಅಳಬ್ಯಾಡ, ಕೇಳು. ನಾ ಹೋದರ ಅವರ ನಂಬಿಕಿನ ಸೋತಂಗ ಆಕ್ಕೈತಿ ಅಂತ ತಿಳಕೊಂಡಾರ. ಪಾಪ, ಅದಕ್ಕ ಹಿಂಗ ಮಾಡಾಕತ್ತಾರ. ಅವರ ಮುಂದ ನಾ ಖರೆ ಹೇಳಾಕ ಆಗೂದಿಲ್ಲ. ನನಗ ನಮ್ಮಪ್ಪನ್ನ ನೋಡಬೇಕಾಗೇತಿ. ಆ ಮನಿ ಹೊಸ್ತಿಲಾ ಒಮ್ಮಿ ದಾಟಬೇಕು. ನೀ ಹೋಗಿ ಕೇಳಿ ಬರ್ತೀಯೇನು?"

ಮರುದಿನ ಬಸ್ಸು ಹತ್ತಿ ಗುಡೂರಿಗೆ ಹೋದೆ. ಹೊಲಗಳಲ್ಲಿ ಹೆಸರಿನ ಬೆಳೆ ಮೊಣಕಾಲೆತ್ತರಕ್ಕೆ ಬಂದಿತ್ತು. ಕೇಳುತ್ತ ಕೇಳುತ್ತ ಬೀರಪ್ಪನ ಗುಡಿಯ ಹತ್ತಿರ ಬಂದೆ. ಕಟ್ಟೆಯ ಮೇಲೆ ಎತ್ತರದ ಮುದುಕನೊಬ್ಬ ಕೂತು ಉಣ್ಣೆ ನೂಲುತ್ತಿದ್ದ. ಹಣೆಯ ತುಂಬ ಭಂಡಾರ, ಆ ಅರಿಷಿಣ ಹುಬ್ಬಿನವರೆಗೂ ಇಳಿದಿತ್ತು. ಮೂಗು, ಗಲ್ಲ ಥೇಟು ಅವ್ವನವು. ಯಾರೂ ಹೇಳುವುದು ಬೇಕಾಗಲಿಲ್ಲ.

"ಯಾರ ಮಗಳವ್ವ ನೀ?" ಅಂದ.

"ಬೀರವ್ವನ ಮಗಳು."

ಅವನ ಕೈ ನಿಂತಿತು. ನನ್ನ ಕಡೆ ನೋಡದೆ, "ಬೀರವ್ವ ಸತ್ತು ಭಾಳ ವರ್ಷ ಆತು," ಅಂದ.

"ಇಲ್ಲ ಮುತ್ಯಾ, ಈಗ ಸಾಯಾಕತ್ತಾಳ," ಅಂದೆ.

ಹಾಗೆ ಹೇಳಬೇಕೆಂದು ಯೋಚಿಸಿಕೊಂಡು ಹೋದವಳಲ್ಲ ನಾನು. ಬಾಯಿಂದ ಬಂದುಬಿಟ್ಟಿತು. ಮುತ್ಯಾ ನೂಲು ಸುತ್ತಿ ಜೋಳಿಗೆಗೆ ಹಾಕಿದ, ಕಂಬಳಿ ಹೆಗಲಿಗೇರಿಸಿದ, ಕಟ್ಟೆ ಇಳಿದು ಹೊಲದ ದಾರಿ ಹಿಡಿದು ಹೋದ. ಹಿಂತಿರುಗಿ ನೋಡಲಿಲ್ಲ. ಅವ್ವನ ತಮ್ಮ ಮಾಳಪ್ಪ ಮಾವನ ಹೆಂಡತಿ ಲಕ್ಕವ್ವತ್ತಿ ಯಾರೋ ಹೇಳಿದ್ದು ಕೇಳಿ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಮನೆಗೆ ಕರೆದೊಯ್ದು ಉಣ್ಣಿಸಿದಳು. "ಮಾವ ಏನೂ ಅನ್ನಲಿಲ್ಲಂದರ ಒಲ್ಲೆ ಅಂದಂಗಲ್ಲವ್ವ," ಅಂದಳು. ಆದರೂ ನಾನು ಬರಿಗೈಯಲ್ಲಿ ಮರಳಿದೆ. ಅವ್ವ ನನ್ನ ಮುಖ ನೋಡಿ ಏನೂ ಕೇಳಲಿಲ್ಲ. "ಅಪ್ಪನ ಹಲ್ಲು ಅದಾವೇನು ಇನ್ನಾ?" ಎಂದು ಮಾತ್ರ ಕೇಳಿದಳು. ಅದಾವ ಅಂದೆ. ನಕ್ಕಳು.

ಶ್ರಾವಣ ಬಂತು. ಆ ಸಲ ಆಶ್ಲೇಷ ಮಳೆ ಹಿಡಿದದ್ದು ಬಿಡಲಿಲ್ಲ. ಎರೆಮಣ್ಣಿನ ಓಣಿಗಳೆಲ್ಲ ರಾಡಿ. ಪಂಚಮಿ ಇನ್ನೇನು ಬಂತು ಅನ್ನುವಾಗ, ಒಂದು ಮುಂಜಾನೆ ನಮ್ಮ ಮನೆಯ ಮುಂದೆ ಮೇಲೆ ಗೋಣಿತಟ್ಟು ಕಟ್ಟಿದ ಸವಾರಿ ಬಂಡಿ ಬಂದು ನಿಂತಿತು. ಮಾಳಪ್ಪ ಮಾವ ಎತ್ತಿನ ಹಗ್ಗ ಹಿಡಿದಿದ್ದ. ಮುತ್ಯಾ ಕಂಬಳಿ ಹೊದ್ದು ಅಂಗಳದಲ್ಲಿ ನಿಂತಿದ್ದ. ಕಂಬಳಿಯಿಂದ ನೀರು ಇಳಿಯುತ್ತಿತ್ತು. ಅಪ್ಪ ಬಾಗಿಲಿಗೆ ಬಂದ. ಮಾವ ಅಳಿಯ ಒಬ್ಬರ ಮುಖ ಒಬ್ಬರು ಕಂಡದ್ದು ಅದೇ ಮೊದಲು.

"ಮಗಳನ್ನ ಪಂಚಮಿಗೆ ಕರಿಯಾಕ ಬಂದೇನ್ರಿ, ಮಾಸ್ತರ," ಅಂದ ಮುತ್ಯಾ.

ಅಪ್ಪ ಒಳಗೆ ಬನ್ನಿ ಅಂದ. ಮುತ್ಯಾ ಅಲ್ಲೇ ನಿಂತ. ಅಪ್ಪ ಹೊಸ್ತಿಲ ಮೇಲೆ ನಿಂತೇ ಹೇಳಿದ.

"ಸಭಾದವರು ಉಪಾಸ ಹಿಡದು ಬೇಡಿಕೊಳ್ಳಾಕತ್ತಾರ್ರಿ. ಇಂಥಾದರಾಗ ನಾ ಆಕಿನ್ನ ಬೀರಪ್ಪನ ಪೂಜಾರಿ ಮನಿಗೆ ಕಳಿಸಿದರ, ನಂದು ಎಂಥಾ ನಂಬಿಕಿ ಅಂದಾರು ಮಂದಿ?"

"ನಾ ಈಗ ಪೂಜಾರಿ ಅಲ್ರಿ. ನಿನ್ನಿ ಬಿಟ್ಟೆ."

"ಯಾಕ?"

"ಕಿರಿಸ್ತಾನ ಆದ ಮಗಳನ್ನ ಮನ್ಯಾಗ ಕರಕೊಂಡರ ದೇವರ ಮುಟ್ಟಾಂಗಿಲ್ಲ ಅಂದರು ಊರ ಹಿರ್ಯಾರು. ಭಂಡಾರದ ಚೀಲಾ ತಮ್ಮನ ಮಗನ ಕೈಯಾಗ ಕೊಟ್ಟು ಬಂಡಿ ಹೂಡಿಸಿದೆ. ನೀವು ಇಲ್ಲ ಅಂದರ ತಿರುಗಿ ಹೊಕ್ಕೇನಿ. ಆದರ ಕೊಟ್ಟಿದ್ದು ಮತ್ತ ಇಸಕೊಳ್ಳೂದಿಲ್ಲ."

ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. ಅಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು. ನನ್ನ ಹೆಗಲಿಗೆ ಒರಗಿ ಎದ್ದು ಕೂತಿದ್ದಳು.

"ರೀ, ನಾ ಯೇಸುಸ್ವಾಮಿನ್ನ ಬಿಟ್ಟು ಹೊಂಟಿಲ್ಲ. ನಮ್ಮಪ್ಪನ ಮನಿಗೆ ಹೊಂಟೇನಿ. ಹೋಗಿ ಬಾ ಅನ್ರಿ."

ಹೋಗಿ ಬಾ ಅನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಒಳಗೆ ಹೋಗಿ ತಾನು ಹೊದೆಯುವ ಕೌದಿ ತಂದು ಬಂಡಿಯಲ್ಲಿ ಹುಲ್ಲಿನ ಮೇಲೆ ಹಾಸಿದ. ಅವ್ವನನ್ನು ತಾನೇ ಎತ್ತಿ ತಂದು ಮಲಗಿಸಿದ. ಆಗ ಅವಳ ಭಾರ ಏನೂ ಉಳಿದಿರಲಿಲ್ಲ. ಸತ್ಯವೇದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವಳ ತಲೆದಿಂಬಿನ ಹತ್ತಿರ ಇಟ್ಟ. ಬಂಡಿ ಹೊರಟಾಗ ಮಳೆಯಲ್ಲೇ ಊರ ಹೊರಗಿನ ಹಳ್ಳದವರೆಗೆ ಹಿಂದೆ ನಡೆದು ಬಂದ. ಅಲ್ಲಿ ನಿಂತ. ಮುತ್ಯಾ ದಾರಿಯುದ್ದಕ್ಕೂ ಬಂಡಿ ಹತ್ತಲಿಲ್ಲ. ಗಾಲಿ ರಾಡಿಯಲ್ಲಿ ಹೂತಾಗ ಹೆಗಲು ಕೊಡುತ್ತ, ಉಳಿದ ಹೊತ್ತು ಬಂಡಿಯ ಪಕ್ಕಕ್ಕೆ ಒಂದು ಕೈ ಇಟ್ಟುಕೊಂಡು ನಡೆದ. ಮಗಳ ಕೂಡ ಒಂದು ಮಾತೂ ಆಡಲಿಲ್ಲ. ಮಳೆ ನಿಂತು ಗಾಳಿ ಎದ್ದ ಒಂದು ಕಡೆ ತನ್ನ ತೊಯ್ದ ಕಂಬಳಿ ಬಿಚ್ಚಿ ತಟ್ಟಿನ ಮೇಲೆ ಹೊದಿಸಿದ, ಗಾಳಿ ಒಳಗೆ ಹೋಗದಿರಲೆಂದು. ಅವ್ವ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡಳು.

"ನಮ್ಮಪ್ಪನ ವಾಸನಿ," ಅಂದಳು ನನಗೆ ಮಾತ್ರ ಕೇಳುವಂತೆ.

ಮನೆಯ ಹೊಸ್ತಿಲಲ್ಲಿ ಲಕ್ಕವ್ವತ್ತಿ ಕೊಡ ನೀರು ಹಿಡಿದು ನಿಂತಿದ್ದಳು. ಮಾಳಪ್ಪ ಮಾವ ಅಕ್ಕನನ್ನು ಎತ್ತಿಕೊಂಡಿದ್ದ. ಒಳಗೆ ಹೋಗುವ ಮೊದಲು ಅವ್ವ ತನ್ನನ್ನು ಇಳಿಸು ಅಂದಳು. ಇಬ್ಬರು ಹಿಡಿದುಕೊಂಡೆವು. ತನ್ನ ಕಾಲಿನಿಂದಲೇ ಹೊಸ್ತಿಲು ದಾಟಿ, ಒಳಗೆ ಕಾಲಿಟ್ಟ ಕೂಡಲೆ ಕುಸಿದಳು. ಆವತ್ತಿನಿಂದ ಮತ್ತೆ ಅವಳು ನಿಲ್ಲಲಿಲ್ಲ.

ಪಂಚಮಿಯ ದಿನ ಪಡಸಾಲೆಯಲ್ಲಿ ಮಣ್ಣಿನ ನಾಗಪ್ಪನನ್ನು ಇಟ್ಟು ಮನೆಯ ಹೆಂಗಸರು ಹಾಲೆರೆದರು. ಅವ್ವ ಮಂಚದ ಮೇಲಿಂದ ನೋಡುತ್ತಿದ್ದಳು. ಲಕ್ಕವ್ವತ್ತಿ ಬೆಲ್ಲದ ನೀರು, ಹಾಲು ಬಿಡುತ್ತ ಮನೆಯವರ ಹೆಸರು ಹೇಳುತ್ತಿದ್ದಳು: ಅಪ್ಪನ ಪಾಲು, ಅವ್ವನ ಪಾಲು, ಗಂಡನ ಪಾಲು, ಮಕ್ಕಳ ಪಾಲು. ಆಮೇಲೆ ತಡೆಯದೆ, ದಿನದ ಮಾತಿನಂತೆ, "ಬೀರಕ್ಕನ ಪಾಲು" ಅಂದಳು. ಅವ್ವ ತಲೆಯೆತ್ತಿದಳು.

"ಇದೇನು ಲಕ್ಕವ್ವ, ನಾ ಬಂದೇನಂತ ಈ ವರ್ಷ ನನ್ನ ಪಾಲೂ ಹಾಕಿದೇನು?"

"ಯಾವ ವರ್ಷ ಬಿಟ್ಟೇವಕ್ಕ? ಅತ್ತಿ ಇದ್ದಾಗ ಅತ್ತಿ ಹಾಕ್ತಿದ್ದರು. ಅತ್ತಿ ಹೋದ ಮ್ಯಾಲ ನನಗ ಗೊತ್ತಿರಲಿಲ್ಲ. ಮೊದಲನೇ ಪಂಚಮಿಗೆ ಮಾವನ ಹೇಳಿದರು, 'ಒಂದು ಪಾಲು ಬಿಟ್ಟೀ' ಅಂತ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಾಯುವ ಸುದ್ದಿಗೆ ಅಳದವಳು ಆವತ್ತು ಮಧ್ಯಾಹ್ನದವರೆಗೆ ಅತ್ತಳು. ಮುತ್ಯಾ ಹೊರಗೆ ಕುರಿಹಟ್ಟಿಯ ಹತ್ತಿರ ಕೂತಿದ್ದ. ಒಳಗೆ ಬರಲಿಲ್ಲ.

ಪ್ರತಿ ಸಂಜೆ ಅವ್ವ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದಳು. ಬರಬರುತ್ತ ದನಿ ಕುಗ್ಗಿ ತುಟಿಗಳಷ್ಟೇ ಆಡುತ್ತಿದ್ದವು. ಮುತ್ಯಾ ಆ ಹೊತ್ತಿಗೆ ಸರಿಯಾಗಿ ಬಾಗಿಲ ಹೊರಗೆ ಬಂದು ಕೂರುತ್ತಿದ್ದ. ಒಂದು ದಿನ ನನ್ನನ್ನು ಕೇಳಿದ, "ಏನಂತ ಬೇಡಿಕೊಳ್ಳತಾಳವ್ವ ಆಕಿ?"

"ಎಲ್ಲಾರ ಸಲುವಾಗಿ, ಮುತ್ಯಾ."

"ನನ್ನ ಹೆಸರ ತಗೋತಾಳೇನು?"

"ಮೊದಲು ನಿಮ್ಮ ಹೆಸರನ ತಗೋತಾಳ. ನಾ ಸಣ್ಣಾಕಿದ್ದಾಗಿಂದ ಕೇಳೇನಿ."

ಮುತ್ಯಾ ತಲೆಯಾಡಿಸಿದ. ಮರುದಿನ ಮುಂಜಾನೆ ಮೈತೊಳೆದುಕೊಂಡು, ಚಿಟಿಕೆ ಭಂಡಾರ ಹಿಡಿದುಕೊಂಡು ಒಳಗೆ ಬಂದ. ಮಂಚದ ಹತ್ತಿರ ನಿಂತ. ಬಂದಾಗಿನಿಂದ ಮಗಳ ಕೂಡ ಅವನು ಆಡಿದ ಮೊದಲ ಮಾತು ಅದು.

"ಹಚ್ಚಲೇನವ್ವ?"

ಅವ್ವ ಅವನ ಬೆರಳುಗಳನ್ನೇ ನೋಡಿದಳು. ಬೇಡ ಅನ್ನಲು ಅವಳಿಗೆ ಮನಸ್ಸಿಲ್ಲ. ಹೂಂ ಅನ್ನಲು ಬರುವಂತಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಆದರೂ ನಿಂತೆ.

"ಬರೇ ಕೈ ಇಡಪ್ಪಾ. ಸಾಕು."

ಮುತ್ಯಾ ಬೆರಳುಗಳನ್ನು ತನ್ನ ಧೋತರಕ್ಕೆ ಒರೆಸಿಕೊಂಡು, ಬರಿಗೈಯನ್ನು ಅವಳ ಹಣೆಯ ಮೇಲೆ ಇಟ್ಟ. ಇಟ್ಟ ಕೈ ಬಹಳ ಹೊತ್ತು ತೆಗೆಯಲಿಲ್ಲ. ಎಷ್ಟು ಒರೆಸಿಕೊಂಡರೂ ಮುಪ್ಪಿನ ಕೈಯ ಗೆರೆಗಳಲ್ಲಿ ಉಳಿದ ಅರಿಷಿಣ ಹೋಗುತ್ತದೆಯೇ? ಅವ್ವನ ಹಣೆಯ ಮೇಲೆ, ಕೂದಲ ಬುಡದಲ್ಲಿ, ತೆಳ್ಳಗೆ ಹಳದಿ ಉಳಿಯಿತು. ಒರೆಸಬೇಕೆಂದು ನನಗೆ ಅನ್ನಿಸಲಿಲ್ಲ.

ಭಾನುವಾರ ಆರಾಧನೆ ಮುಗಿಸಿಕೊಂಡು ಅಪ್ಪ ಬಂದ. ಪಂಚೆಯ ತುಂಬ ರಾಡಿ. ಅವ್ವನಿಗೆ ಆಗ ಉಸಿರು ಕಟ್ಟಿಕಟ್ಟಿ ಬರುತ್ತಿತ್ತು, ಮುಖ ಬೆವರುತ್ತಿತ್ತು. ಅಪ್ಪ ಬಟ್ಟೆ ತೊಯ್ಸಿ ಹಿಂಡಿ ಅವಳ ಮುಖ ಒರೆಸತೊಡಗಿದ. ಕೈ ಹಣೆಗೆ ಬಂದಾಗ ಆ ಹಳದಿ ಕಂಡಿತು. ಅವನು ನನ್ನನ್ನು ನೋಡಿದ, ಬಾಗಿಲಾಚೆ ಕೂತ ಮುತ್ಯಾನನ್ನು ನೋಡಿದ. ಆಮೇಲೆ ಗಲ್ಲ ಒರೆಸಿದ, ಕತ್ತು ಒರೆಸಿದ. ಆ ಜಾಗವೊಂದನ್ನು ಬಿಟ್ಟ.

ಅವ್ವ ಅವನ ಕೈ ಹಿಡಿದಳು. "ಗುಣಾ ಮಾಡು ಅಂತ ಬೇಡೂದು ಸಾಕು ಮಾಡ್ರಿ. ದಣದೇನಿ. ಸುಖದಿಂದ ಹೋಗಲಿ ಅನ್ರಿ."

"ಹೆಂಗ ಅನ್ನಲಿ, ಶಾಂತಾ?"

"ನಿಮ್ಮ ಬಾಯಿಂದ ಬಂದರ ನನಗ ಹೋಗಾಕ ಹಗರ ಆಕ್ಕೈತಿ."

ಅಪ್ಪ ಎದ್ದು ಹೊರಗೆ ಹೋದ. ಕುರಿಹಟ್ಟಿಯ ಮುಳ್ಳುಬೇಲಿ ಹಿಡಿದು ನಿಂತ. ಮತ್ತೆ ಮಳೆ ಶುರುವಾಯಿತು, ಅವನು ಸರಿಯಲಿಲ್ಲ. ಮುತ್ಯಾ ಹೋಗಿ ಪಕ್ಕದಲ್ಲಿ ನಿಂತದ್ದನ್ನು ಕಿಟಕಿಯಿಂದ ಕಂಡೆ. ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ, ನನಗೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮುತ್ಯಾ ತನ್ನ ಕಂಬಳಿಯ ಒಂದು ಬದಿ ಎತ್ತಿ ಅಪ್ಪನ ತಲೆಯ ಮೇಲೆ ಹಾಕಿದ. ಇಬ್ಬರೂ ಒಂದೇ ಕಂಬಳಿಯ ಕೆಳಗೆ ನಿಂತಿದ್ದರು. ಅಪ್ಪನ ಬೆನ್ನು ಅಲುಗುತ್ತಿತ್ತು.

ಅವನು ಒಳಗೆ ಬಂದಾಗ ಅವನ ಮೈಗೂ ಆ ವಾಸನೆ ಹತ್ತಿತ್ತು. ಮಂಚದ ಹತ್ತಿರ ಮೊಣಕಾಲೂರಿ, ಅವ್ವನ ಎರಡೂ ಕೈ ಹಿಡಿದು, "ತಂದೆಯೇ, ಈಕಿ ನಿನ್ನ ಮಗಳು. ನೋವಿಲ್ಲದಂಗ ಕರಕೋ," ಅಂದ. ಅಷ್ಟೇ. ಗಂಟೆಗಟ್ಟಲೆ ಪ್ರಾರ್ಥನೆ ನಡೆಸುತ್ತಿದ್ದವನು ಅದಕ್ಕಿಂತ ಮುಂದೆ ಹೋಗಲಾರದೆ ಮಂಚದ ಅಂಚಿಗೆ ಹಣೆ ಇಟ್ಟ. ಆಮೆನ್ ಅಂದವಳು ಅವ್ವ.

ಎರಡು ದಿನ ಇದ್ದಳು. ಮಂಗಳವಾರ ಹೊತ್ತೇರಿದ ಮೇಲೆ ಮಳೆ ಬಿಟ್ಟು ಬಿಸಿಲು ಬಂತು. ಹೊರಗೆ ಹುಡುಗಿಯರು ಇನ್ನೂ ಜೋಕಾಲಿ ಆಡುತ್ತಿದ್ದರು, ಅವರ ಕೂಗಾಟ ಕೇಳುತ್ತಿತ್ತು. ಅವ್ವ ಅತ್ತ ಕಿವಿಗೊಟ್ಟಂತಿದ್ದಳು. ಅಪ್ಪ ನೀರು ಕುಡಿಸಲು ತಲೆ ಎತ್ತಿದ; ನೀರು ತುಟಿಯಿಂದ ಹಾಗೇ ಹೊರಗೆ ಬಂತು.

ಲಕ್ಕವ್ವತ್ತಿ ಅಳುತ್ತಳುತ್ತಲೇ ಅವ್ವನ ಮೈ ತೊಳೆದಳು. ಗಂಡನಿಗಿಂತ ಮೊದಲು ಹೋದ ಮುತ್ತೈದೆ ಎಂದು, ಆ ಮನೆಯ ರೂಢಿಯಂತೆ, ಮುಖಕ್ಕೆ ಕಾಲಿಗೆ ಅರಿಷಿಣ ಹಚ್ಚಿದಳು. ಕುಂಕುಮದ ಬಟ್ಟಲು ಕೈಗೆತ್ತಿಕೊಂಡವಳು ಅಪ್ಪನ ಕಡೆ ನೋಡಿ, ತಾನೇ ಕೆಳಗಿಟ್ಟಳು. ಮಣ್ಣು ಎಲ್ಲಿ ಎಂಬ ಮಾತು ಬಂತು. ಆಯಿಯ, ಅಂದರೆ ಅವ್ವನ ಅವ್ವನ, ಸಮಾಧಿ ಅವರ ಹೊಲದಲ್ಲೇ ಇತ್ತು. ಪಕ್ಕದಲ್ಲಿ ಜಾಗವೂ ಇತ್ತು. ಮಾಳಪ್ಪ ಮಾವನಿಗೆ ಅಕ್ಕ ಅಲ್ಲೇ ಇರಲಿ ಎಂದು ಆಸೆ. ಮುತ್ಯಾ ಬೇಡ ಅಂದ.

"ಆಕಿ ಬದುಕೆಲ್ಲಾ ಯಾವ ದೇವರ ಕಡೆ ನಡದಳೋ ಅಲ್ಲಿಗೇ ಒಯ್ಯೂಣು. ಬಂಡಿ ಹೂಡು."

ಬಂದ ಬಂಡಿಯಲ್ಲೇ, ಅದೇ ಕೌದಿಯ ಮೇಲೆ ಅವ್ವ ಹುನಗುಂದಕ್ಕೆ ಮರಳಿದಳು. ಚರ್ಚಿನ ಬಾಗಿಲಲ್ಲಿ ಸಭೆಯ ಜನ ಸೇರಿದ್ದರು, ಎಲ್ಲರೂ ಬಂದಿರಲಿಲ್ಲ. ಸಭೆಯ ಹಿರಿಯನೊಬ್ಬ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿ, ಅಪ್ಪನನ್ನು ಬದಿಗೆ ಕರೆದ. ಅವನ ದನಿ ಸಣ್ಣದಿದ್ದರೂ ನನಗೆ ಕೇಳಿಸಿತು.

"ಮಾಸ್ತರ, ಈ ಅರಿಷಿಣಾ ತೊಳಿಸಿ ಒಳಗ ತರ್ರಿ. ಹಿಂಗ ತಂದರ ಸಭಾದವರು ಏನಂದಾರು?"

ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ, "ಆಕಿ ತವರಮನಿಯವರು ಮೈತೊಳದು ಕಳಿಸ್ಯಾರ. ಮತ್ತ ನಾವು ತೊಳಿಯೂದಿಲ್ಲ."

ನಾಲ್ಕು ಜನ ಹೆಗಲು ಕೊಟ್ಟರು. ಒಳಗೆ ಹೋದ ಮೇಲೆ ಅಪ್ಪ ಹಿಂದೆ ತಿರುಗಿ ನೋಡಿದ. ಮುತ್ಯಾ ಬೀದಿಯ ಆಚೆ ಬಂಡಿಯ ನೊಗಕ್ಕೆ ಒರಗಿ ನಿಂತಿದ್ದ. ಅಪ್ಪ ಶವವನ್ನು ಬಿಟ್ಟು ಹೊರಗೆ ಬಂದು, ಬೀದಿ ದಾಟಿ, "ಬರ್ರಿ ಮಾವಾರ," ಅಂದ. ಹಾಗೆ ಕರೆದದ್ದು ಅದೇ ಮೊದಲು. ಮುತ್ಯಾ ಕೆರ ಕಳೆದು ಒಳಗೆ ಬಂದು, ಬೆಂಚಿನ ಮೇಲೆ ಕೂರದೆ, ಬಾಗಿಲ ಹತ್ತಿರ ನೆಲದ ಮೇಲೆ ಕೂತ. ಹಾಡು ಹೇಳುವಾಗ ಎಲ್ಲರೂ ಎದ್ದು ನಿಂತರು, ಅವನೂ ಎದ್ದು ನಿಂತ. ಗೋರಿಗೆ ಮಣ್ಣು ಹಾಕುವಾಗ ಅಪ್ಪ ಹಿಡಿ ಮಣ್ಣು ತೆಗೆದು ಮೊದಲು ಅವನ ಕೈಗೆ ಕೊಟ್ಟ.

ಅದಾಗಿ ಒಂದು ವಾರಕ್ಕೆ ನಾವಿಬ್ಬರೇ ಉಳಿದೆವು. ದೀಪ ಹಚ್ಚಿದ ಹೊತ್ತಿಗೆ ಮೊದಲಿನಂತೆ ಚಾಪೆಯ ಮೇಲೆ ಪ್ರಾರ್ಥನೆಗೆ ಕೂತೆವು. ಅಪ್ಪ ರೂಢಿಯಂತೆ ಊರಿಗಾಗಿ, ಸಾಲೆಯ ಮಕ್ಕಳಿಗಾಗಿ, ಮಳೆ ಬೆಳೆಗಾಗಿ ಬೇಡಿಕೊಂಡ. ಆಮೇಲೆ ಅದೇ ದನಿಯಲ್ಲಿ, "ನಮ್ಮ ಶಾಂತಾಗ ಆರೋಗ್ಯ ಕೊಟ್ಟು..." ಅಂದವನು ನಿಂತ. ನಾನು ಕಣ್ಣು ತೆರೆಯಲಿಲ್ಲ. ಎಷ್ಟೋ ತಿಂಗಳು ದಿನವೂ ಆಡಿದ ಮಾತು, ನಾಲಿಗೆಗೆ ಅಷ್ಟು ಬೇಗ ಹೇಗೆ ತಿಳಿಯಬೇಕು? ಆಮೆನ್ ಅನ್ನಬೇಕೋ ಬಾರದೋ ತಿಳಿಯದೆ ಕೂತಿದ್ದೆ. ಅಪ್ಪ ಎದ್ದು ಹಿತ್ತಲಿಗೆ ಹೋದ.

ಸಭೆಯವರು ಕೆಲವು ತಿಂಗಳು ಅಪ್ಪನಿಗೆ ಆರಾಧನೆ ನಡೆಸಲು ಹೇಳಲಿಲ್ಲ. ಅವನೂ ಕೇಳಲಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದ. ಮುತ್ಯಾನಿಗೆ ಊರವರು, ದಂಡ ಕೊಟ್ಟು ಮತ್ತೆ ಪೂಜೆಗೆ ಬಾ, ಅಂದರಂತೆ. ಅವನು ಹೋಗಲಿಲ್ಲ. ಬೀರಪ್ಪನಿಗೆ ದೂರದಿಂದ ಕೈಮುಗಿದು ಕುರಿ ಹಿಂದೆ ಹೋಗುತ್ತಿದ್ದ. ಹುನಗುಂದದ ಸಂತೆಯ ದಿನ ನಮ್ಮ ಕಟ್ಟೆಗೆ ಬಂದು ಕೂರುವುದು ರೂಢಿಯಾಯಿತು. ಅಪ್ಪ ಸಾಲೆಯಿಂದ ಬೇಗ ಬರುತ್ತಿದ್ದ. "ಮಳಿ ಹೆಂಗೈತ್ರಿ ನಿಮ್ಮ ಕಡೆ?" ಅಂತ ಇವನು, "ಪರವಾಗಿಲ್ರಿ" ಅಂತ ಅವನು. ಇಬ್ಬರಿಗೂ ಬೇರೆ ಮಾತು ಬರುತ್ತಿರಲಿಲ್ಲ. ಎದ್ದು ಹೋಗುವ ಮನಸ್ಸೂ ಇರುತ್ತಿರಲಿಲ್ಲ. ಹೀಗೆ ಮೂರು ಮಳೆಗಾಲ ನಡೆಯಿತು. ಆಮೇಲೆ ಮುತ್ಯಾ ಹೋದ. ನಾನು ತರಬೇತಿ ಮುಗಿಸಿ ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ ನೌಕರಿಗೆ ಸೇರಿದ್ದೆ.

ಎಂಬತ್ತರ ದಶಕದಲ್ಲಿ ರಜೆಗೆ ಬಂದಾಗಲೆಲ್ಲ ಅಪ್ಪನ ಜೊತೆ ರೋಗಿಗಳ ಮನೆಗೆ ಹೋಗುತ್ತಿದ್ದೆ. ಜನ ಮತ್ತೆ ಅವನನ್ನು ಕರೆಯತೊಡಗಿದ್ದರು, ಕ್ರೈಸ್ತರಷ್ಟೇ ಅಲ್ಲ, ಓಣಿಯ ಎಲ್ಲರೂ. ಮೊದಲಿನ ಅಪ್ಪ ಒಳಗೆ ಬರುತ್ತಲೇ ಮೊಣಕಾಲೂರಿ ಗುಣವಾಗಲೆಂದು ಶುರು ಮಾಡುತ್ತಿದ್ದ. ಈ ಅಪ್ಪ ಮಂಚದ ಹತ್ತಿರ ಕೂತು, ಮನೆಯವರನ್ನು ಸ್ವಲ್ಪ ಹೊರಗೆ ಕಳಿಸಿ, ರೋಗಿಯ ಕೈ ಹಿಡಿದುಕೊಳ್ಳುತ್ತಿದ್ದ. ಮೊದಲು ಅವರನ್ನೇ ಕೇಳುತ್ತಿದ್ದ.

"ಏನಂತ ಬೇಡಿಕೊಳ್ಳಲಿ?"

ಆಮೇಲೆ ಅವರು ಹೇಳುವವರೆಗೆ, ಎಷ್ಟು ಹೊತ್ತಾದರೂ, ಕಾಯುತ್ತ ಕೂತಿರುತ್ತಿದ್ದ.